ಊರಿಗೆ ಊರೇ ಮೂಗು ಒಡ್ಡಿದಾಗ

2020ರ ಅಕ್ಟೋಬರ್ 31 ಮತ್ತು ನವೆಂಬರ್ 1, ಶನಿವಾರ ಮತ್ತು ಭಾನುವಾರ. ಮಧ್ಯ ಯುರೋಪಿನ ಸ್ಲೊವಾಕಿಯಾ ದೇಶದ ಜನ ಆ ಎರಡು ದಿನ ಸರದಿಯಲ್ಲಿ ನಿಂತು ಮೂಗಿನ ದ್ರವದ ಮಾದರಿ ಕೊಟ್ಟರು. ದೇಶದ ಒಟ್ಟು ಜನಸಂಖ್ಯೆ ಸುಮಾರು 55 ಲಕ್ಷ. ಅವರಲ್ಲಿ 36 ಲಕ್ಷ ಮಂದಿ ಒಂದೇ ವಾರಾಂತ್ಯದಲ್ಲಿ ಕೊರೊನಾ ಪರೀಕ್ಷೆ ಮಾಡಿಸಿಕೊಂಡರು. ಮಾದರಿ ತೆಗೆಯಲು ಆರೋಗ್ಯ ಸಿಬ್ಬಂದಿ, ವ್ಯವಸ್ಥೆ ನೋಡಿಕೊಳ್ಳಲು ಸೇನೆ, ದೇಶದುದ್ದಕ್ಕೂ ಸಾವಿರಾರು ಕೇಂದ್ರಗಳು. ಅರ್ಧ ಗಂಟೆಯೊಳಗೆ ಫಲಿತಾಂಶ, ಕೈಗೊಂದು ಚೀಟಿ. 38,359 ಜನರಿಗೆ ಪಾಸಿಟಿವ್ ಬಂತು. ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು.

ಪರೀಕ್ಷೆ ಕಡ್ಡಾಯವಲ್ಲ ಎಂದು ಪ್ರಧಾನಿ ಇಗೊರ್ ಮಾಟೊವಿಚ್ ಅವರ ಸರ್ಕಾರ ಹೇಳಿತ್ತು. ಆದರೆ ನೆಗೆಟಿವ್ ಚೀಟಿ ಇಲ್ಲದವರು ಕೆಲಸಕ್ಕೆ ಹೋಗುವಂತಿರಲಿಲ್ಲ. ಅಗತ್ಯ ಸಾಮಾನು, ಔಷಧಿಯಂಥ ಕೆಲವು ಕಾರಣಗಳನ್ನು ಬಿಟ್ಟರೆ ಮನೆಯಿಂದ ಹೊರಬೀಳುವಂತೆಯೂ ಇರಲಿಲ್ಲ. ಹೆಸರಿಗಷ್ಟೇ ಐಚ್ಛಿಕ. ದೇಶದ ಅಧ್ಯಕ್ಷೆ ಜುಜಾನಾ ಚಪುಟೋವಾ ಈ ಒತ್ತಾಯವನ್ನು ಬಹಿರಂಗವಾಗಿ ಪ್ರಶ್ನಿಸಿದರು. ಇಷ್ಟೊಂದು ವೈದ್ಯಕೀಯ ಸಿಬ್ಬಂದಿಯನ್ನು ಎಲ್ಲಿಂದ ತರುತ್ತೀರಿ ಎಂದು ವೈದ್ಯರು ಕೇಳಿದರು. ಅದಾದ ಮುಂದಿನ ವಾರ, ಸೋಂಕು ಹೆಚ್ಚಿದ್ದ 45 ಜಿಲ್ಲೆಗಳಲ್ಲಿ ಎರಡನೆಯ ಸುತ್ತು ನಡೆಯಿತು.

ಆ 45 ಜಿಲ್ಲೆಗಳ ಲೆಕ್ಕ ಮುಂದಿನ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೇ ವಾರದಲ್ಲಿ ಸೋಂಕಿತರ ಪ್ರಮಾಣ ಶೇ 58ರಷ್ಟು ತಗ್ಗಿತ್ತು. ಪರೀಕ್ಷೆಯೇ ನಡೆಯದಿದ್ದರೆ ಆ ವಾರ ಸೋಂಕು ಎಷ್ಟು ಏರುತ್ತಿತ್ತು ಎಂಬುದನ್ನೂ ಸೇರಿಸಿಕೊಂಡರೆ ಇಳಿಕೆ ಶೇ 70ರಷ್ಟು. ಲಸಿಕೆ ಇನ್ನೂ ಬಾರದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಈ ಇಳಿಕೆಯನ್ನು ಯಾವುದರ ಖಾತೆಗೆ ಬರೆಯುವುದು? ಅದೇ ಹೊತ್ತಿಗೆ ಸಂಚಾರ ನಿರ್ಬಂಧ ಜಾರಿಯಲ್ಲಿತ್ತು, ದೊಡ್ಡ ಮಕ್ಕಳ ಶಾಲೆಗಳು ಮುಚ್ಚಿದ್ದವು. ಪರೀಕ್ಷೆಯದೆಷ್ಟು, ನಿರ್ಬಂಧದ್ದೆಷ್ಟು ಎಂದು ಕತ್ತರಿಸಿ ಹೇಳಲಾಗದು ಎಂದು ಅಧ್ಯಯನ ಮಾಡಿದವರೇ ಒಪ್ಪಿಕೊಂಡಿದ್ದಾರೆ. ಅವರ ಗಣಿತ ಮಾದರಿ ಇನ್ನೊಂದು ಸಂಗತಿಯನ್ನೂ ತೋರಿಸಿತು. ಪಾಸಿಟಿವ್ ಬಂದವರೊಬ್ಬರೇ ಮನೆಯಲ್ಲಿ ಉಳಿದಿದ್ದರೆ ಇಷ್ಟು ದೊಡ್ಡ ಇಳಿಕೆ ಆಗುವುದು ಕಷ್ಟವಿತ್ತು. ಅವರ ಜೊತೆಗೆ ಮನೆಮಂದಿಯೆಲ್ಲ ಕ್ವಾರಂಟೈನ್ ಆದರಲ್ಲ, ಲೆಕ್ಕ ಕೂಡಿದ್ದು ಅಲ್ಲಿ. ಪರೀಕ್ಷೆಯಲ್ಲಿ ತಪ್ಪಿಸಿಕೊಂಡ ಸೋಂಕಿತರಲ್ಲಿ ಎಷ್ಟೋ ಮಂದಿ ಪಾಸಿಟಿವ್ ಬಂದವರ ಗಂಡನೋ ಹೆಂಡತಿಯೋ ಮಕ್ಕಳೋ ಆಗಿದ್ದರು. ಸ್ವಾಬ್ ಕಡ್ಡಿಗೆ ಸಿಗದ ಅವರು ಮನೆಬಾಗಿಲ ಹಿಂದೆ ಸಿಕ್ಕಿದ್ದರು.

ಕತೆ ಅಲ್ಲಿಗೆ ಮುಗಿದಿದ್ದರೆ ಸ್ಲೊವಾಕಿಯಾ ಎಲ್ಲ ದೇಶಗಳಿಗೂ ಮಾದರಿಯಾಗುತ್ತಿತ್ತು. ಡಿಸೆಂಬರ್ ಬರುವಷ್ಟರಲ್ಲಿ ಸೋಂಕು ಮತ್ತೆ ಏರತೊಡಗಿತು. 2021ರ ಫೆಬ್ರುವರಿಯಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಕೋವಿಡ್ ಸಾವುಗಳನ್ನು ಕಾಣುತ್ತಿದ್ದ ದೇಶಗಳ ಸಾಲಿನಲ್ಲಿ ಅದೂ ಇತ್ತು. ‘ಅಷ್ಟೆಲ್ಲ ಮಾಡಿ ಏನಾಯಿತು’ ಎಂದು ಕೇಳುವವರಿಗೆ ಇದೇ ಉತ್ತರವೆನಿಸಿತು. ಆ ಉತ್ತರ ಅವಸರದ್ದು. ಒಂದು ವಾರಾಂತ್ಯದ ಪರೀಕ್ಷೆ ಆ ವಾರಾಂತ್ಯದ ಸೋಂಕಿತರನ್ನು ತೋರಿಸಬಲ್ಲದು. ಶನಿವಾರ ನೆಗೆಟಿವ್ ಬಂದವರ ಮೈಯಲ್ಲಿ ಬುಧವಾರ ವೈರಸ್ ತುಂಬಿ ತುಳುಕಬಹುದು. ಶನಿವಾರದ ಚೀಟಿ ಅಂದು ಜೇಬಿನಲ್ಲೇ ಇರುತ್ತದೆ.

ಪರೀಕ್ಷೆಯ ಸ್ವಭಾವವನ್ನು ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಯಾವ ಪರೀಕ್ಷೆಗಾದರೂ ಎರಡು ಬಗೆಯ ತಪ್ಪುಗಳಿರುತ್ತವೆ: ಸೋಂಕಿದ್ದವರನ್ನು ಬಿಟ್ಟುಬಿಡುವುದು, ಸೋಂಕಿಲ್ಲದವರನ್ನು ಹಿಡಿಯುವುದು. ಒಂದು ಪರೀಕ್ಷೆ ಸೋಂಕಿತರಲ್ಲಿ ನೂರಕ್ಕೆ 70 ಜನರನ್ನು ಪತ್ತೆಹಚ್ಚುತ್ತದೆ, ಸೋಂಕಿಲ್ಲದ ಇನ್ನೂರು ಜನರಲ್ಲಿ ಒಬ್ಬರನ್ನು ಮಾತ್ರ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಲಕ್ಷ ಜನರ ಊರು. ನೂರಕ್ಕೆ ಐವರಿಗೆ ಸೋಂಕು ಇದ್ದರೆ 5,000 ಸೋಂಕಿತರಲ್ಲಿ 3,500 ಜನ ಸಿಗುತ್ತಾರೆ, ತಪ್ಪಾಗಿ ಸಿಕ್ಕಿಬೀಳುವವರು 475. ಪಾಸಿಟಿವ್ ಬಂದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ನಿಜಕ್ಕೂ ಸೋಂಕಿತರು. ಈಗ ಅದೇ ಪರೀಕ್ಷೆಯನ್ನು ಸಾವಿರಕ್ಕೆ ಒಬ್ಬರಿಗಷ್ಟೇ ಸೋಂಕಿರುವ ಊರಿನಲ್ಲಿ ಮಾಡಿ. 100 ಸೋಂಕಿತರಲ್ಲಿ 70 ಜನ ಸಿಕ್ಕರೆ, ಏನೂ ಆಗದ 500 ಜನ ಅವರ ಜೊತೆ ಸಿಕ್ಕಿಕೊಳ್ಳುತ್ತಾರೆ. ಪಾಸಿಟಿವ್ ಬಂದ ಎಂಟು ಜನರಲ್ಲಿ ಸೋಂಕಿತರು ಒಬ್ಬರು ಮಾತ್ರ. ಪರೀಕ್ಷೆ ಬದಲಾಗಿಲ್ಲ, ಕಿಟ್ ಬದಲಾಗಿಲ್ಲ. ಊರು ಬದಲಾಗಿದೆ.

ಹೀಗಾಗಿ ‘ಎಲ್ಲರಿಗೂ ಪರೀಕ್ಷೆ ಮಾಡಿಸಿದರೆ ಲಾಭವಿದೆಯೇ’ ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಲಾರದು. ಸೋಂಕು ತೀರಾ ಕಡಿಮೆ ಇದ್ದಾಗ ಪಾಸಿಟಿವ್ ಬಂದವರನ್ನು ಇನ್ನೊಮ್ಮೆ ಪರೀಕ್ಷಿಸದೆ ಕೂಡಿಹಾಕುವುದು ಅನ್ಯಾಯ. ತೀರಾ ಹೆಚ್ಚಿದ್ದಾಗ ಹುಡುಕುವ ಅಗತ್ಯವೇ ಉಳಿಯುವುದಿಲ್ಲ, ಜ್ವರ ಬಂದವರೆಲ್ಲ ಸೋಂಕಿತರೆಂದೇ ಹಿಡಿಯಬಹುದು. ಪರೀಕ್ಷೆ ನಿಜವಾಗಿ ದುಡಿಯುವುದು ಇವೆರಡರ ನಡುವಿನ ಹೊತ್ತಿನಲ್ಲಿ.

ಸ್ಲೊವಾಕಿಯಾ ಬಳಸಿದ್ದು ರ‍್ಯಾಪಿಡ್ ಆ್ಯಂಟಿಜೆನ್ ಪರೀಕ್ಷೆ. ದಕ್ಷಿಣ ಕೊರಿಯಾದ ಎಸ್‌ಡಿ ಬಯೋಸೆನ್ಸರ್ ಕಂಪನಿಯ ‘ಸ್ಟ್ಯಾಂಡರ್ಡ್ ಕ್ಯು’ ಎಂಬ ಕಿಟ್. 2020ರ ಜೂನ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಮ್ಮ ದೇಶದಲ್ಲಿ ಮೊದಲು ಅನುಮತಿ ಕೊಟ್ಟ ಆ್ಯಂಟಿಜೆನ್ ಕಿಟ್ ಕೂಡ ಇದೇ. ಆರ್‌ಟಿ-ಪಿಸಿಆರ್ ಮುಂದೆ ಇದನ್ನು ಎರಡನೇ ದರ್ಜೆಯದೆಂದು ನಾವೆಲ್ಲ ಕಂಡೆವು. ಲಕ್ಷಣ ಇದ್ದೂ ಆ್ಯಂಟಿಜೆನ್‌ನಲ್ಲಿ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಲೇಬೇಕು ಎಂದು ಐಸಿಎಂಆರ್ ಹೇಳಿತ್ತು. ವೈದ್ಯರ ಎದುರು ಕುಳಿತ ಒಬ್ಬ ರೋಗಿಯ ಮಟ್ಟಿಗೆ ಅದು ಸರಿಯಾದ ಮಾತು. ಊರಿಗೆ ಊರನ್ನೇ ಪರೀಕ್ಷಿಸುವಾಗ ಮಾತ್ರ ಕೇಳಬೇಕಾದ ಪ್ರಶ್ನೆ ಬೇರೆ.

ಪಿಸಿಆರ್ ವೈರಸ್ಸಿನ ಆನುವಂಶಿಕ ತುಣುಕನ್ನು ಕೋಟಿಗಟ್ಟಲೆ ಪಟ್ಟು ಹೆಚ್ಚಿಸಿ ನೋಡುತ್ತದೆ. ರೋಗ ಗುಣವಾಗಿ ವಾರಗಳು ಕಳೆದ ಮೇಲೂ ವೈರಸ್ಸಿನ ಚೂರುಗಳು ಮೂಗಿನಲ್ಲಿ ಉಳಿದಿರುತ್ತವೆ, ಅವನ್ನೂ ಅದು ಬಿಡುವುದಿಲ್ಲ. ಒಲೆಯ ಬೆಂಕಿಗೂ ಬೂದಿಗೂ ಅದಕ್ಕೆ ಅಷ್ಟಾಗಿ ಭೇದ ತಿಳಿಯದು. ಆ್ಯಂಟಿಜೆನ್ ಕಿಟ್ ಹುಡುಕುವುದು ವೈರಸ್ಸಿನ ಪ್ರೊಟೀನನ್ನು, ಅದೂ ಸಾಕಷ್ಟು ಪ್ರಮಾಣದಲ್ಲಿದ್ದರೆ ಮಾತ್ರ. ಅಷ್ಟು ಪ್ರಮಾಣದಲ್ಲಿ ಇರುವವರೇ ಸಾಮಾನ್ಯವಾಗಿ ಇತರರಿಗೆ ಹರಡುವವರು. ಅಮೆರಿಕದ ಮೈಕೆಲ್ ಮಿನಾ, ಡ್ಯಾನಿಯಲ್ ಲಾರೆಮೋರ್ ಮತ್ತು ಜೊತೆಗಾರರು 2020ರಲ್ಲೇ ಗಣಿತ ಮಾದರಿಯ ಮೂಲಕ ಒಂದು ವಾದ ಮುಂದಿಟ್ಟರು. ಸೋಂಕು ಹರಡುವುದನ್ನು ತಡೆಯುವುದೇ ಗುರಿಯಾದರೆ, ಪರೀಕ್ಷೆ ಎಷ್ಟು ಸೂಕ್ಷ್ಮ ಎಂಬುದಕ್ಕಿಂತ ಅದನ್ನು ಎಷ್ಟು ಬಾರಿ ಮಾಡುತ್ತೀರಿ, ಫಲಿತಾಂಶ ಎಷ್ಟು ಬೇಗ ಕೈಗೆ ಬರುತ್ತದೆ ಎಂಬುದು ಮುಖ್ಯ. ಕೆಲವು ದಿನಗಳಿಗೊಮ್ಮೆ ಮಾಡುವ, ಕಾಲು ಗಂಟೆಯಲ್ಲಿ ಉತ್ತರ ಕೊಡುವ ಅಗ್ಗದ ಪರೀಕ್ಷೆ, ಒಮ್ಮೆ ಮಾತ್ರ ಮಾಡಿ ದಿನಗಟ್ಟಲೆ ಕಾಯಿಸುವ ದುಬಾರಿ ಪರೀಕ್ಷೆಗಿಂತ ಹೆಚ್ಚು ಸೋಂಕನ್ನು ತಡೆಯುತ್ತದೆ.

ಕಾಯಿಸುವುದು ಎಂದರೇನು ಎಂದು ಬೆಂಗಳೂರಿಗರಿಗೆ ವಿವರಿಸಬೇಕಿಲ್ಲ. 2021ರ ಏಪ್ರಿಲ್–ಮೇ ತಿಂಗಳ ಎರಡನೇ ಅಲೆಯಲ್ಲಿ ಗಂಟಲು ದ್ರವ ಕೊಟ್ಟು ದಿನಗಟ್ಟಲೆ ಮೊಬೈಲಿನ ಎಸ್ಎಂಎಸ್‌ಗೆ ಕಾದವರು ಬಹಳ. ಸರ್ಕಾರಿ ಕೋಟಾದ ಹಾಸಿಗೆ ಸಿಗಬೇಕಾದರೆ ಸೋಂಕಿತರಿಗೆ ಕೊಡುತ್ತಿದ್ದ ‘ಬಿಯು ನಂಬರ್’ ಎಂಬ ಗುರುತಿನ ಸಂಖ್ಯೆ ಬೇಕಿತ್ತು. ಬಿಯು ನಂಬರ್ ಬರಬೇಕಾದರೆ ಪಾಸಿಟಿವ್ ವರದಿ ಬೇಕಿತ್ತು. ಉಸಿರಿಗಾಗಿ ಒದ್ದಾಡುವವರನ್ನು ಮನೆಯಲ್ಲಿಟ್ಟುಕೊಂಡು ವರದಿಗಾಗಿ ವಾರ್ ರೂಮ್‌ಗೆ ಫೋನ್ ಹಚ್ಚುತ್ತ ಕುಳಿತ ಕುಟುಂಬಗಳಿಗೆ ಪರೀಕ್ಷೆ ರೋಗ ತಡೆಯುವ ಸಾಧನವಾಗಿ ಉಳಿದಿರಲಿಲ್ಲ. ಅದು ಆಸ್ಪತ್ರೆಯ ಬಾಗಿಲಿನ ಪರವಾನಗಿ ಚೀಟಿಯಾಗಿತ್ತು. ಪರೀಕ್ಷೆ ಮಾಡಿಸಿಕೊಂಡ ನೂರರಲ್ಲಿ ಮೂವತ್ತಕ್ಕೂ ಹೆಚ್ಚು ಜನರಿಗೆ ಪಾಸಿಟಿವ್ ಬರುತ್ತಿದ್ದ ಆ ದಿನಗಳಲ್ಲಿ ಲಕ್ಷಣವಿಲ್ಲದವರನ್ನೆಲ್ಲ ಕರೆದು ಪರೀಕ್ಷಿಸುವ ಆಲೋಚನೆಗೆ ಅರ್ಥವಿರಲಿಲ್ಲ. ಸಿಬ್ಬಂದಿ, ಲ್ಯಾಬ್, ಕಿಟ್ ಎಲ್ಲವೂ ನರಳುವವರಿಗೆ ಮೊದಲು ಸಲ್ಲಬೇಕಿತ್ತು.

ಸೋಂಕು ಕಡಿಮೆ ಇರುವಾಗ ಲ್ಯಾಬಿನ ಹೊರೆ ಇಳಿಸಲು ಹಳೆಯ ಉಪಾಯವೊಂದಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗೆ ಸೇರುವವರಲ್ಲಿ ಸಿಫಿಲಿಸ್ ರೋಗವಿರುವವರನ್ನು ಪತ್ತೆಹಚ್ಚುವುದಕ್ಕೆ ರಾಬರ್ಟ್ ಡಾರ್ಫ್‌ಮನ್ 1943ರಲ್ಲಿ ಇದನ್ನು ಸೂಚಿಸಿದ್ದರು. ಹಲವರ ಮಾದರಿ ಬೆರೆಸಿ ಒಂದೇ ಪರೀಕ್ಷೆ ಮಾಡಿ. ನೆಗೆಟಿವ್ ಬಂದರೆ ಎಲ್ಲರೂ ಪಾರು. ಪಾಸಿಟಿವ್ ಬಂದರೆ ಆ ಗುಂಪಿನವರನ್ನು ಮಾತ್ರ ಒಬ್ಬೊಬ್ಬರಾಗಿ ಪರೀಕ್ಷಿಸಿ. 2020ರ ಏಪ್ರಿಲ್‌ನಲ್ಲಿ ಐಸಿಎಂಆರ್ ಐದು ಮಾದರಿಗಳವರೆಗೆ ಹೀಗೆ ಬೆರೆಸಲು ಒಪ್ಪಿತು, ಪಾಸಿಟಿವ್ ಪ್ರಮಾಣ ಶೇ 2ಕ್ಕಿಂತ ಕಡಿಮೆ ಇರುವ ಕಡೆ. ಶೇ 2 ಸೋಂಕಿರುವ ಸಾವಿರ ಜನರಿಗೆ ಈ ವಿಧಾನದಲ್ಲಿ ಸುಮಾರು 300 ಪರೀಕ್ಷೆ ಸಾಕು. ಸೋಂಕು ಶೇ 20 ಆದರೆ 870 ಬೇಕಾಗುತ್ತವೆ. ಶೇ 30 ದಾಟಿದರೆ ಬೆರೆಸದೆ ಮಾಡುವುದೇ ಅಗ್ಗ. ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ಐಐಟಿ ಬಾಂಬೆಯ ಸಂಶೋಧಕರು ‘ಟೇಪೆಸ್ಟ್ರಿ’ ಎಂಬ ಇನ್ನೂ ಜಾಣ ವಿಧಾನ ರೂಪಿಸಿದರು. ಪ್ರತಿ ಮಾದರಿಯನ್ನೂ ಒಂದಕ್ಕಿಂತ ಹೆಚ್ಚು ಗುಂಪುಗಳಿಗೆ ಹಂಚಿ, ಆ ಗುಂಪುಗಳ ಫಲಿತಾಂಶದಿಂದಲೇ ಸೋಂಕಿತರು ಯಾರೆಂದು ಗಣಿತದಿಂದ ಬಿಡಿಸುವುದು. ಎರಡನೇ ಸುತ್ತಿನ ಪರೀಕ್ಷೆಯೇ ಬೇಡ.

ಇಷ್ಟೆಲ್ಲ ತಾಂತ್ರಿಕ ಜಾಣ್ಮೆಯೂ ಒಂದು ಹೊಸ್ತಿಲ ಬಳಿ ನಿಂತುಬಿಡುತ್ತದೆ. ಪಾಸಿಟಿವ್ ಬಂದವರು ಆಮೇಲೆ ಏನು ಮಾಡುತ್ತಾರೆ?

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ 2020ರ ನವೆಂಬರ್ 6ರಿಂದ ಸೈನಿಕರ ನೆರವಿನಿಂದ ಯಾರು ಬೇಕಾದರೂ ಬಂದು ಪರೀಕ್ಷೆ ಮಾಡಿಸಿಕೊಳ್ಳುವ ವ್ಯವಸ್ಥೆಯಾಯಿತು. ಸುಮಾರು ಐದು ಲಕ್ಷ ಜನರ ಊರು. ಅಲ್ಲಿ ಬಳಸಿದ ಇನ್ನೋವಾ ಎಂಬ ಆ್ಯಂಟಿಜೆನ್ ಕಿಟ್, ಪಿಸಿಆರ್‌ನಲ್ಲಿ ಪಾಸಿಟಿವ್ ಬಂದ ಲಕ್ಷಣರಹಿತರಲ್ಲಿ ನೂರಕ್ಕೆ ನಲವತ್ತು ಜನರನ್ನಷ್ಟೇ ಪತ್ತೆಹಚ್ಚಿತು. ದೊಡ್ಡ ಗಲಾಟೆಯಾಯಿತು. ನನಗೆ ಮುಖ್ಯವೆನಿಸುವುದು ಇನ್ನೊಂದು ಅಂಶ. ಬಡವರು ಹೆಚ್ಚಿರುವ ಬಡಾವಣೆಗಳಲ್ಲಿ ಸೋಂಕು ಹೆಚ್ಚಿತ್ತು, ಪರೀಕ್ಷೆಗೆ ಬಂದವರು ಕಡಿಮೆ. ಅವರಿಗೆ ಮಾಹಿತಿ ಇರಲಿಲ್ಲವೆಂದಲ್ಲ. ಪಾಸಿಟಿವ್ ಬಂದರೆ ಮನೆಯಲ್ಲಿ ಕೂರಬೇಕು, ಕೂತರೆ ಸಂಬಳವಿಲ್ಲ. ಗೊತ್ತಾಗದಿರುವುದೇ ಅವರಿಗೆ ಲಾಭ. ನಮ್ಮಲ್ಲೂ ಹಾಗೆಯೇ. ಗಾರ್ಮೆಂಟ್ಸ್‌ಗೆ ಹೋಗುವ, ಮನೆಗೆಲಸಕ್ಕೆ ಹೋಗುವ, ಗಾರೆ ಕೆಲಸ ಮಾಡುವ ಕುಟುಂಬಕ್ಕೆ ಹದಿನಾಲ್ಕು ದಿನ ಎಂದರೆ ಅರ್ಧ ತಿಂಗಳ ಅಕ್ಕಿ-ಬೇಳೆ, ಬಾಡಿಗೆ. ಅದರ ಮೇಲೆ ಬೀದಿಗೆ ತಗಡು ಬಡಿದು ‘ಸೀಲ್‌ಡೌನ್’ ಬೋರ್ಡು ಹಾಕಿದರೆ ಅಕ್ಕಪಕ್ಕದವರ ಕಣ್ಣೂ ಸೇರುತ್ತದೆ. ಆಶಾ ಕಾರ್ಯಕರ್ತೆ ಬಾಗಿಲು ತಟ್ಟಿದಾಗ ‘ನಮ್ಮನೇಲಿ ಯಾರಿಗೂ ಜ್ವರ ಇಲ್ಲಮ್ಮ’ ಎಂದವರನ್ನು ಅಜ್ಞಾನಿಗಳೆನ್ನುವುದು ಸುಲಭ. ಅವರು ತಮ್ಮ ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದರು.

ರೋಗ ಬರುವ ಮೊದಲೇ ಜನಸಾಮಾನ್ಯರನ್ನು ತಪಾಸಣೆಗೆ ಒಳಪಡಿಸುವುದು ಯಾವಾಗ ಸರಿ ಎಂದು 1968ರಷ್ಟು ಹಿಂದೆಯೇ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಹತ್ತು ಸೂತ್ರಗಳನ್ನು ಬರೆದಿದ್ದರು. ಒಪ್ಪಿತ ಚಿಕಿತ್ಸೆ ಇರಬೇಕು, ಅದನ್ನು ಕೊಡುವ ವ್ಯವಸ್ಥೆ ಇರಬೇಕು, ಖರ್ಚಿಗೆ ತಕ್ಕ ಪ್ರಯೋಜನವಿರಬೇಕು ಎನ್ನುವಂಥವು. ಸಾಂಕ್ರಾಮಿಕದಲ್ಲಿ ‘ಚಿಕಿತ್ಸೆ’ ಎಂಬ ಜಾಗದಲ್ಲಿ ಕ್ವಾರಂಟೈನ್ ಬಂದು ಕೂರುತ್ತದೆ. ಅದನ್ನು ಕೊಡುವ ವ್ಯವಸ್ಥೆ ಎಂದರೆ ಪ್ರತ್ಯೇಕ ಕೋಣೆ, ಊಟ ಮತ್ತು ಕಳೆದುಹೋದ ಕೂಲಿ. ಇಂಗ್ಲೆಂಡ್ ತನ್ನ ಪರೀಕ್ಷೆ ಮತ್ತು ಸಂಪರ್ಕ ಪತ್ತೆಗೆ ಎರಡು ವರ್ಷಕ್ಕೆಂದು 3,700 ಕೋಟಿ ಪೌಂಡ್ ತೆಗೆದಿಟ್ಟಿತು. ಮನೆಯಲ್ಲಿ ಉಳಿಯುವ ಬಡವರಿಗೆ ಅದು ಕೊಟ್ಟದ್ದು ತಲಾ 500 ಪೌಂಡ್, ಅದೂ ಅರ್ಹತೆಯ ಷರತ್ತುಗಳನ್ನು ದಾಟಿದವರಿಗೆ. ಕಿಟ್‌ಗೆ ಸುರಿದ ಹಣದ ಒಂದಂಶ ಕೂಲಿಗೆ ಹೋಗಿದ್ದರೆ ಅವೇ ಕಿಟ್‌ಗಳು ಇನ್ನೂ ಚೆನ್ನಾಗಿ ದುಡಿಯುತ್ತಿದ್ದವು ಎಂದು ನಾನು ನಂಬುತ್ತೇನೆ. ಹಾಗಿದ್ದೂ ಲಿವರ್‌ಪೂಲ್ ಪ್ರಯೋಗ ವ್ಯರ್ಥವಾಗಲಿಲ್ಲ. ಅಂಥದೇ ಇತರ ಊರುಗಳ ಜೊತೆ ಹೋಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸೈನಿಕರಿದ್ದ ಮೊದಲ ವಾರಗಳಲ್ಲಿ ಆಸ್ಪತ್ರೆ ಸೇರಿದವರು ಶೇ 43ರಷ್ಟು, ಇಡೀ ಅವಧಿಯಲ್ಲಿ ಶೇ 25ರಷ್ಟು ಕಡಿಮೆ. ನೂರಕ್ಕೆ ನಲವತ್ತೇ ಸಿಕ್ಕ ಪರೀಕ್ಷೆಯಿಂದ ಬಂದ ಫಲ ಇದು.

ಇದರ ತೀರಾ ಎದುರು ತುದಿಯಲ್ಲಿ ಚೀನಾದ ವುಹಾನ್ ಇದೆ. 2020ರ ಮೇ 14ರಿಂದ ಜೂನ್ 1ರವರೆಗೆ ಆ ನಗರ ಆರು ವರ್ಷ ಮೇಲ್ಪಟ್ಟ 98,99,828 ಜನರನ್ನು ಪರೀಕ್ಷಿಸಿತು. ಲಾಕ್‌ಡೌನ್ ತೆರವಾಗಿ ತಿಂಗಳು ಕಳೆದಿತ್ತು. ಸಿಕ್ಕಿದವರು 300 ಜನ, ಯಾರಲ್ಲೂ ಲಕ್ಷಣವಿಲ್ಲ. ಅವರ ಸಂಪರ್ಕಕ್ಕೆ ಬಂದ 1,174 ಜನರಲ್ಲಿ ಒಬ್ಬರಿಗೂ ಸೋಂಕು ಹರಡಿರಲಿಲ್ಲ. ಅವರ ಮಾದರಿಗಳಿಂದ ಲ್ಯಾಬಿನಲ್ಲಿ ವೈರಸ್ ಬೆಳೆಸಲು ನೋಡಿದರೆ ಬೆಳೆಯಲಿಲ್ಲ. ಖರ್ಚು ಸುಮಾರು 90 ಕೋಟಿ ಯುವಾನ್, ಅಂದರೆ ಒಬ್ಬೊಬ್ಬ ‘ಸೋಂಕಿತ’ರಿಗೆ 30 ಲಕ್ಷ ಯುವಾನ್. ರೋಗ ತಡೆಯುವ ದೃಷ್ಟಿಯಿಂದ ಇದು ನಷ್ಟದ ವ್ಯಾಪಾರ. ಹೆದರಿ ಕೂತ ನಗರಕ್ಕೆ ಮತ್ತೆ ಅಂಗಡಿ ತೆರೆಯುವ ಧೈರ್ಯ ಕೊಟ್ಟಿದ್ದನ್ನು ಬೇಕಾದರೆ ಬೇರೆ ಖಾತೆಯಲ್ಲಿ ಬರೆದುಕೊಳ್ಳಬಹುದು. ಆದರೆ ಧೈರ್ಯಕ್ಕಾಗಿ ಮಾಡಿದ್ದು ಕ್ರಮೇಣ ಪದ್ಧತಿಯಾಗಿ, 2022ರ ಹೊತ್ತಿಗೆ ಚೀನಾದ ದೊಡ್ಡ ನಗರಗಳ ಜನ ಬಸ್ಸು ಹತ್ತಲು, ಅಂಗಡಿ ಹೊಗಲು ಕೆಲವು ದಿನಗಳಿಗೊಮ್ಮೆ ಗಂಟಲು ತೆರೆಯುವಂತಾಯಿತು. ಅಷ್ಟರಲ್ಲಿ ವೈರಸ್ ಓಮೈಕ್ರಾನ್ ಆಗಿ ಬದಲಾಗಿತ್ತು. ಅದರ ಓಟಕ್ಕೆ ಆ ಯಂತ್ರವೂ ಸಾಲಲಿಲ್ಲ. ವರ್ಷದ ಕೊನೆಗೆ ಎಲ್ಲವನ್ನೂ ಒಮ್ಮೆಲೇ ಕೈಬಿಟ್ಟರು.

ಸಾಮೂಹಿಕ ಪರೀಕ್ಷೆಯಿಂದ ಸಿಗುವ ಇನ್ನೊಂದು ಲಾಭ ತಿಳಿವಳಿಕೆಯದು. ಇಟಲಿಯ ವೋ ಎಂಬ ಸುಮಾರು 3,200 ಜನರ ಊರಿನ ನಿವಾಸಿಯೊಬ್ಬರು 2020ರ ಫೆಬ್ರುವರಿ 21ರಂದು ತೀರಿಕೊಂಡರು, ಅದು ಆ ದೇಶದ ಮೊದಲ ಕೋವಿಡ್ ಸಾವು. ಊರಿನ ಬಹುಪಾಲು ಜನರನ್ನು ಎರಡು ಬಾರಿ ಪರೀಕ್ಷಿಸಿದಾಗ, ಸೋಂಕಿತರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿಗೆ ಲಕ್ಷಣವೇ ಇಲ್ಲ ಎಂದು ತಿಳಿಯಿತು. ಜ್ವರ ಬಂದವರನ್ನು ಮಾತ್ರ ಹುಡುಕಿದರೆ ಈ ವೈರಸ್ಸನ್ನು ಹಿಡಿಯಲಾಗದು ಎಂದು ಜಗತ್ತಿಗೆ ಮನವರಿಕೆ ಮಾಡಿಸಿದ ಅಧ್ಯಯನಗಳಲ್ಲಿ ಇದೊಂದು.

ಆದರೆ ಬರೀ ತಿಳಿಯುವುದಕ್ಕಾದರೆ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಬೇಕಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಎಲ್ಲ ಜಿಲ್ಲೆಗಳಿಂದ ಆಯ್ದ ಸುಮಾರು 16 ಸಾವಿರ ಜನರ ಸಮೀಕ್ಷೆ ನಡೆಸಿತು. ಶೇ 27.3ರಷ್ಟು ಜನರಿಗೆ, ಅಂದರೆ ಸುಮಾರು 1.93 ಕೋಟಿ ಮಂದಿಗೆ, ಆಗಲೇ ಸೋಂಕು ತಗುಲಿದೆ ಎಂಬ ಅಂದಾಜು ಅದರಿಂದ ಸಿಕ್ಕಿತು. ಆ ಹೊತ್ತಿಗೆ ಸರ್ಕಾರಿ ಬುಲೆಟಿನ್‌ನಲ್ಲಿ ದಾಖಲಾಗಿದ್ದ ಪ್ರಕರಣಗಳು ಇದರ ನಲವತ್ತರಲ್ಲೊಂದು ಪಾಲಿನಷ್ಟು. ‘ಇಂದು ಇಷ್ಟು ಲಕ್ಷ ಟೆಸ್ಟ್ ಮಾಡಿದೆವು’ ಎಂಬುದನ್ನೇ ಸಾಧನೆಯಾಗಿ ದಿನವೂ ಪ್ರಕಟಿಸುತ್ತಿದ್ದ ಕಾಲದಲ್ಲಿ, ಚೆನ್ನಾಗಿ ಆಯ್ದ ಹದಿನಾರು ಸಾವಿರ ಮಾದರಿಗಳು ಆ ಲಕ್ಷಗಳು ಹೇಳದ್ದನ್ನು ಹೇಳಿದವು. 2022ರ ಮೊದಲರ್ಧದಲ್ಲಿ ಬೆಂಗಳೂರಿನ 28 ಕೊಳಚೆ ನೀರು ಸಂಗ್ರಹ ತಾಣಗಳಿಂದ ಮಾದರಿ ತೆಗೆದು ಓಮೈಕ್ರಾನ್ ಅಲೆಯ ಏರಿಳಿತವನ್ನೂ ಅದರ ಉಪತಳಿಗಳನ್ನೂ ಗುರುತಿಸಿದ್ದುಂಟು. ಅಲ್ಲಿ ಯಾರ ಮೂಗಿಗೂ ಕಡ್ಡಿ ಹೋಗಲಿಲ್ಲ, ಯಾರ ಕೂಲಿಯೂ ತಪ್ಪಲಿಲ್ಲ.

ಮುಂದಿನ ಬಾರಿ ಏನು ಮಾಡಬೇಕೆಂಬುದನ್ನು ಬಹುಮಟ್ಟಿಗೆ ಆಗ ಬರುವ ವೈರಸ್ಸೇ ನಿರ್ಧರಿಸುತ್ತದೆ. 2003ರ ಸಾರ್ಸ್ ಕೂಡ ಕೊರೊನಾ ಕುಟುಂಬದ್ದೇ. ಆದರೆ ಅದು ಹೆಚ್ಚಾಗಿ ಹರಡುತ್ತಿದ್ದುದು ರೋಗಿ ಹಾಸಿಗೆ ಹಿಡಿದ ಮೇಲೆ, ಎರಡನೇ ವಾರದ ಹೊತ್ತಿಗೆ. ಲಕ್ಷಣ ಇದ್ದವರನ್ನು ಬೇರ್ಪಡಿಸಿದ್ದರಿಂದಲೇ ಅದು ಸುಮಾರು 8,000 ಪ್ರಕರಣಗಳಿಗೆ ನಿಂತಿತು. ಅಲ್ಲಿ ಸಾಮೂಹಿಕ ಪರೀಕ್ಷೆ ಮಾಡಿದ್ದರೆ ಹಣ ಪೋಲಾಗುತ್ತಿತ್ತು ಅಷ್ಟೆ. ಕೋವಿಡ್ ಲಕ್ಷಣಕ್ಕೆ ಮೊದಲೇ ಹರಡುತ್ತಿತ್ತು, ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಮೊದಮೊದಲು ಐದಾರು ದಿನ ತೆಗೆದುಕೊಳ್ಳುತ್ತಿತ್ತು. ವಾರಕ್ಕೆರಡು ಬಾರಿ ಪರೀಕ್ಷಿಸುವವರಿಗೆ ಆ ಐದಾರು ದಿನದಲ್ಲಿ ಕೈ ಹಾಕಲು ಸಂದಿ ಇತ್ತು. ಇನ್‌ಫ್ಲುಯೆಂಜಾ ಈ ದಾಟುವಿಕೆಯನ್ನು ಸುಮಾರು ಮೂರು ದಿನಗಳಲ್ಲಿ ಮುಗಿಸುತ್ತದೆ. ಹೊಸ ಫ್ಲೂ ತಳಿಯೊಂದು ಹಬ್ಬಿದರೆ ಸೈನ್ಯ ಕರೆಸಿ, ಶಾಮಿಯಾನ ಹಾಕಿಸಿ, ವಾರಾಂತ್ಯಕ್ಕೆ ಊರನ್ನು ಸೇರಿಸುವಷ್ಟರಲ್ಲಿ ಅದು ಎರಡು ಸುತ್ತು ಮುಂದೆ ಹೋಗಿರುತ್ತದೆ. ಕಿಟ್ ಮೊದಲೇ ಔಷಧಿ ಅಂಗಡಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಇರಬೇಕು, ಮೈ ಬಿಸಿಯಾದ ದಿನ ಮನೆಯಲ್ಲೇ ನೋಡಿಕೊಳ್ಳುವಂತಿರಬೇಕು, ಪಾಸಿಟಿವ್ ಬಂದವರಿಗೆ ಮರುದಿನ ಕೆಲಸಕ್ಕೆ ಹೋಗದಿದ್ದರೂ ಅಂದಿನ ಕೂಲಿ ಸಿಗಬೇಕು. ಇವುಗಳಲ್ಲಿ ಮೊದಲೆರಡನ್ನು ಕೋವಿಡ್ ಕಾಲದಲ್ಲಿ ಜಗತ್ತು ಒಂದೂವರೆ ವರ್ಷದೊಳಗೆ ಸಾಧಿಸಿ ತೋರಿಸಿತು. ಮೂರನೆಯದಕ್ಕೆ ಯಾವ ಪ್ರಯೋಗಾಲಯವೂ ಬೇಕಾಗಿರಲಿಲ್ಲ.